ಒಳಗೆ ಮುಕ್ಕಾಲಿಂಚು

ನನಗೆ ಫ್ರೀ ಟಿಕೆಟ್ಟು.
ಶಾಫ್ಟಿಗೆ ಮಾತ್ರ ಲಗೇಜು ಹರಿದ ಕಂಡಕ್ಟರು,
"ಇದು ಹೆಂಗಸಲ್ಲವಲ್ಲ" ಅಂದ.
ಗೋಣಿ ಸುತ್ತಿದ್ದೆ, ಗ್ರೀಸು ಒಸರದ ಹಾಗೆ;
ಆದರೂ ಪಕ್ಕದವಳು ಸೆರಗು ಎಳಕೊಂಡು ಕೂತಳು.
ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೂ
ಮಡಿಲಲ್ಲಿ ಅಡ್ಡ ಮಲಗಿತ್ತು,
ಕಿಟಕಿಯಾಚೆ ಅರ್ಧ ಮೊಳ.

ಫಿಯಟ್ಟು ನನ್ನದು. ಅರವತ್ತನಾಲ್ಕರ ಮಾಡೆಲ್ಲು.
ಇಡೀ ಮದುವೆಯ ಬಟ್ಟೆ ಹೊಲಿಸಿಕೊಂಡವರು
ದುಡ್ಡಿನ ಬದಲು ಕೊಟ್ಟದ್ದು,
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಅದರ ಮೂತಿ ಕತ್ತರಿಸಿ ಕಾಂಟೆಸ್ಸಾ ಎಂಜಿನ್ನು ಕೂರಿಸಿದೆ,
ಅಣ್ಣನ ಷರಟಿನ ಪಕ್ಕ ಬಿಚ್ಚಿ
ದಪ್ಪನೆಯ ತಮ್ಮನಿಗೆ ಹೊಂದಿಸುವ ಹಾಗೆ.
ಆರು ವರ್ಷ.
ಕೊನೆಗೊಂದು ಸಂಜೆ ಗುಡುಗಿತು,
ಬೀದಿಯ ನಾಯಿಗಳು ಎದ್ದು ಹೋದವು.
ಚಕ್ರ ಕದಲಲಿಲ್ಲ.
ಗುಡುಗಿಗೂ ಚಕ್ರಕ್ಕೂ ನಡುವೆ ಇರಬೇಕಾದ್ದು
ಉದ್ದವಾಗಿತ್ತು, ಹೊರಗೆ ಗೋಡೆಗೆ ಒರಗಿತ್ತು.

ಪ್ಯಾರೇಜಾನ್ ಸಾಬರ ಲೇತು ಗೂಡಿನ ಮಾರ್ಕೆಟ್ಟಿನ ಹಿಂದೆ.
ರೀಲಿಂಗ್ ಮಿಷಿನ್ನಿನ ಕದಿರು ಕಡೆದು ಪಳಗಿದ ಕೈ;
ಕಬ್ಬಿಣದ ಚೂರಿಗೂ ಅಲ್ಲಿ ಬೆಂದ ಹುಳುವಿನ ವಾಸನೆ.
ಒಂದು ಕಣ್ಣು ಮುಚ್ಚಿ ಶಾಫ್ಟಿನುದ್ದ ನೋಡಿದರು.
"ಎಷ್ಟು ಕಡೀಬೇಕು?"
ಹನ್ನೆರಡೂ ಕಾಲು, ಅಂದೆ.
"ಯಾತರಾಗೆ ಅಳೆದೆ?"
ಕೊರಳಲ್ಲಿದ್ದ ಟೇಪು ತೋರಿಸಿದೆ. ನಗಲಿಲ್ಲ.
"ಗಾಡಿ ನೆಲದ ಮ್ಯಾಲಿತ್ತಾ, ಜಾಕಿ ಮ್ಯಾಲಾ?"
ಜಾಕಿ ಮೇಲೆ. ನಾನು ಕೆಳಗೆ ನುಸುಳಬೇಕಲ್ಲ.
"ಟೈಲರ್ ಅಂಜಿನಮ್ಮ ಅಂತೀಯ.
ಗಿರಾಕೀನ ತೊಲೆಗೆ ನೇತುಹಾಕಿ
ಲಂಗದ ಅಳತೆ ತಗೀತೀಯೇನು?"

ಮತ್ತೆ ಬಸ್ಸು.
ಗಾಡಿ ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು,
ಹಿಂದಿನ ಸೀಟಿಗೆ ಎರಡು ಮೂಟೆ ರಾಗಿ ಹೇರಿದೆ.
ತನ್ನ ಭಾರಕ್ಕೆ ತಾನು ಕುಗ್ಗಿ ನಿಂತಿತು ಫಿಯಟ್ಟು,
ಮನೆಗೆ ಬಂದು ಚಪ್ಪಲಿ ಬಿಟ್ಟವರ ಹಾಗೆ.
ಮಗಳು ಟಾರ್ಚು ಹಿಡಿದಳು.
ಹೊಟ್ಟೆ ಒಳಕ್ಕೆಳೆದು, ಉಕ್ಕಿನ ಪಟ್ಟಿ ಹಿಡಿದು
ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್ಲಿನವರೆಗೆ ತೆವಳಿದೆ:
ಹದಿಮೂರಕ್ಕೆ ಒಂದು ನೂಲು ಕಮ್ಮಿ.
ನೂಲೆಂದರೆ ನನಗೆ ದಾರ,
ಸಾಬರಿಗೆ ಇಂಚಿನ ಎಂಟನೇ ಪಾಲು,
ಅವರ ಓಣಿಯಲ್ಲಿ ರೇಷ್ಮೆ.
ಇಬ್ಬರೂ ಮೂರರಲ್ಲಿ ಯಾವುದೆಂದು ಕೇಳಿಕೊಳ್ಳಲಿಲ್ಲ.

"ತುದೀವರೆಗೂ ತುಂಬಿಸಲ್ಲ.
ಒಳಗೆ ಮುಕ್ಕಾಲಿಂಚು ಖಾಲಿ ಬಿಡ್ತೀನಿ.
ಹಳ್ಳ ಬಂದಾಗ ಅದು ಎಲ್ಲಿಗಾದ್ರೂ ಸರಿಯಬೇಕಲ್ಲ,
ಇಲ್ಲಾಂದ್ರೆ ಗೇರ್‌ಬಾಕ್ಸಿನ ಎದೆಗೇ ಗುದ್ದುತ್ತೆ."

ನಾನೂ ಬಿಡುತ್ತೇನೆ.
ರವಿಕೆಯ ಎರಡೂ ಪಕ್ಕ, ಯಾರೂ ನೋಡದ ಬಟ್ಟೆ,
ಬಾಣಂತನ ಮುಗಿಸಿ ಬಂದವಳಿಗೆ
ಒಂದು ಸಾಲು ಬಿಚ್ಚಿಕೊಡಲು.
ಇದನ್ನು ಸಾಬರಿಗೆ ಹೇಳಬೇಕೆಂದುಕೊಂಡೆ.
ಲೇತು ಶುರುವಾಯಿತು.

ಕಡಿಯುವ ಮುಂಚೆ ಉದ್ದಕ್ಕೂ ಬಿಳಿ ಗೆರೆ ಎಳೆದರು,
ಎರಡು ತುದಿಯ ಜಾಯಿಂಟೂ ಒಂದೇ ದಿಕ್ಕು ನೋಡಬೇಕು.
ಕಡಿದು, ಒಳಕ್ಕೆ ಕೂರಿಸಿ, ನಾಲ್ಕು ಕಡೆ ಚುಕ್ಕಿ ಬೆಸುಗೆ,
ನಾನು ಗುಂಡುಸೂಜಿ ಚುಚ್ಚುವ ಹಾಗೆ.
ತಿರುಗಿಸಿ, ಡಯಲಿನ ಮುಳ್ಳು ನೋಡಿ,
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ,
ಮತ್ತೆ ತಿರುಗಿಸಿ.
ಮುಳ್ಳಿನ ನಡುಕ ನಿಲ್ಲುವ ತನಕ
ಇಟ್ಟ ಟೀ ಆರಿ ಕೆನೆಗಟ್ಟಿತು.

ದುಡ್ಡು ಎಣಿಸಿಕೊಂಡ ಮೇಲೆ
ಕಡಿದ ಕೊಳವೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.
ಇದ್ಯಾಕೆ, ಅಂದೆ.
"ನಿನ್ನ ಮಾಲಮ್ಮ. ಉಳಿದ ಚೂರು ಗಿರಾಕೀದು."

ಇಪ್ಪತ್ತೆರಡು ವರ್ಷದಲ್ಲಿ ನಾನು
ಒಬ್ಬಳಿಗೂ ಚೂರು ವಾಪಸು ಕೊಟ್ಟವಳಲ್ಲ.
ಬಸ್ಸಿನಲ್ಲಿ ಅದನ್ನು
ಶಾಫ್ಟಿಗಿಂತ ಗಟ್ಟಿಯಾಗಿ ಹಿಡಿದು ಕೂತಿದ್ದೆ.