ಬೇಗ ಹೊರಟವಳು

ಬಾಗುವುದೇ ಕಷ್ಟ, ಓಡುವುದಲ್ಲ.
ಬಿಳಿ ಗೆರೆಯ ಹಿಂದೆ ಒಂದು ಮಂಡಿ ಊರಿ
ಇನ್ನೊಂದನ್ನು ಎದೆಯತ್ತ ಎಳೆದುಕೊಂಡು
ಹೆಬ್ಬೆರಳು ತೋರುಬೆರಳ ಕಮಾನಿನ ಮೇಲೆ
ಎಪ್ಪತ್ತೊಂದು ವರ್ಷದ ಭಾರ ಇಳಿಸುವಷ್ಟರಲ್ಲಿ
ಪಕ್ಕದ ಲೇನಿನ ಉರ್ವೆ ಎರಡು ಸಲ ಕೆಮ್ಮಿದಳು.

ತಾರ್ತು. ಫೆಬ್ರವರಿ.
ಹೊರಗೆ ನದಿ ಗಟ್ಟಿಯಾಗಿ, ಅದರ ಮೇಲೊಬ್ಬ
ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದ.
ಒಳಗೆ ರಬ್ಬರಿನ ವಾಸನೆ, ನೋವಿನ ಮುಲಾಮಿನ ವಾಸನೆ.
ಎರಡನೆಯದು ಹಿಂದೆ ಇರಲಿಲ್ಲ.
ಹಿಂದೆ ಅಂದರೆ ನನಗೆ ಹತ್ತೊಂಬತ್ತು,
ಕಿಟ್ಟದ ಪುಡಿ ಹಾಸಿದ ಟ್ರ್ಯಾಕು,
ಯಾರದೋ ಷೂ, ತುದಿಗೆ ತುರುಕಿದ ಹತ್ತಿ.

ಆಮೇಲೆ ಐವತ್ತು ವರ್ಷ ನಾನು ಓಡಿದ್ದು ಬಸ್ಸಿಗೆ ಮಾತ್ರ.
ಅಂಗಿ ಕಾರ್ಖಾನೆಯಲ್ಲಿ ದಿನಕ್ಕೆ ಆರುನೂರು ಕಾಜ.
ಕೂತಲ್ಲೇ ಕಾಲು ತುಳಿಯುತ್ತಿತ್ತು,
ಹೊಲಿಗೆ ಮುಂದೆ ಹೋಗುತ್ತಿತ್ತು,
ನಾನು ಅಲ್ಲೇ.

ಡಾಕ್ಟರಮ್ಮ 'ನಡೆಯಿರಿ' ಎಂದಳು. ನಡೆದೆ.
ಒಂದು ಸಂಜೆ ರಸ್ತೆ ದಾಟುವಾಗ
ಹಸಿರು ದೀಪ ಮಿಣುಕತೊಡಗಿತು, ಕಾಲು
ನನ್ನನ್ನು ಒಂದು ಮಾತೂ ಕೇಳದೆ ಓಡಿತು.

ಹಾಗೆ ಸಿಕ್ಕವನು ಟೌನೊ. ಮಕ್ಕಳಿಗೆ ಓಟ ಕಲಿಸುವ ಹುಡುಗ.
ಗಡಿಯಾರ ಹಿಡಿದು ನಿಂತು ಹೇಳುವುದು ಒಂದೇ:
'ಮೈಮು, ಗುಂಡು ಕೇಳಿದ ಮೇಲೆ ಯೋಚಿಸುತ್ತೀರಿ.
ಅಲ್ಲೇ ಹೋಗುತ್ತೆ ಎಲ್ಲ.'
ಯೋಚಿಸಿ ಯೋಚಿಸಿಯೇ ಬದುಕಿದವಳಿಗೆ
ಹೇಳುವ ಮಾತೇ ಇದು?

'ವಲ್ಮಿಸ್' ಎಂದ ಸ್ಟಾರ್ಟರ್.
ನಮ್ಮ ಮಾತಿನಲ್ಲಿ ಅದು ಸಿದ್ಧ ಅಂತಲೂ ಹೌದು,
ಅಡುಗೆ ಆಯಿತು ಅಂತಲೂ ಹೌದು,
ಮುಗಿಯಿತು ಅಂತಲೂ.
ಸೊಂಟ ಎದ್ದಿತು. ಉಸಿರು ನಿಂತಿತು.
ನಾನಾಗಲೇ ಹೋಗಿದ್ದೆ.

ಹಿಂದಿನಿಂದ ಇನ್ನೊಂದು ಗುಂಡು: ವಾಪಸ್ಸು.
ಮುಖದೆದುರು ಹಳದಿ ಚೀಟಿ.
'ಆತುರಗಾತಿ' ಎಂದಳು ಉರ್ವೆ,
ಮಂಡಿಯ ಪಟ್ಟಿ ಎಳೆದುಕೊಳ್ಳುತ್ತ.
ಮತ್ತೆ ಬಾಗಬೇಕು. ಶಿಕ್ಷೆ ಅದೇ, ಚೀಟಿಯಲ್ಲ.

ಈ ಸಲ ಕಾಯುತ್ತೇನೆ ಅಂದುಕೊಂಡೆ.
ಕಾಯುವುದು ನನಗೆ ಗೊತ್ತು:
ಸಕ್ಕರೆಯ ಸಾಲಿನಲ್ಲಿ ಕಾದವಳು,
ಆಪರೇಷನ್ ಕೋಣೆಯ ಹೊರಗೆ
ಗೋಡೆಯ ಬಿರುಕು ಎಣಿಸುತ್ತ ಕಾದವಳು.
ಅಂದುಕೊಂಡದ್ದು ನಾನು.
ತೊಡೆಗೆ ಯಾರೂ ಹೇಳಿರಲಿಲ್ಲ.

ಕೆಂಪು ಚೀಟಿ.

ಎಪ್ಪತ್ತೊಂದರಲ್ಲಿ ನನ್ನನ್ನು ಹೊರಹಾಕಿದ್ದು
ತಡವಾಯಿತೆಂದಲ್ಲ,
ಕಣ್ಣೆವೆ ಇಕ್ಕುವುದಕ್ಕೂ ಸಾಲದಷ್ಟು
ಮುಂಚೆಯಾಯಿತೆಂದು.

ಬೇಗ ಹೊರಟವರನ್ನು ನಾನು ಬಲ್ಲೆ.
ಕಲ್ಯು ಅರವತ್ತಕ್ಕೇ ಹೊರಟ,
ಅರ್ಧ ಸೀಳಿದ ಸೌದೆ ಹಾಗೇ ಬಿಟ್ಟು.
ಅವನ ಬೆನ್ನಿಗೆ ಯಾರೂ ಇನ್ನೊಂದು ಗುಂಡು ಹಾರಿಸಲಿಲ್ಲ,
ತಪ್ಪಾಯಿತು, ವಾಪಸ್ಸು ಬಾ,
ಗೆರೆಯ ಹಿಂದೆ ಮತ್ತೆ ಬಾಗು ಎನ್ನಲಿಲ್ಲ.
ನನಗೆ ಅಂದರು. ಒಂದು ಸಲವಾದರೂ.

ಬೆಂಚಿನ ಮೇಲೆ ಕೂತು ಉಳಿದವರ ಓಟ ನೋಡಿದೆ.
ಉರ್ವೆ ಗೆದ್ದಳು; ಗೋಡೆಗೆ ಕಟ್ಟಿದ ಮೆತ್ತೆಗೆ
ಹೋಗಿ ಬಿದ್ದು, ಅಲ್ಲಿಂದಲೇ ನನಗೆ ನಾಲಗೆ ತೋರಿಸಿದಳು.
ಫಲಿತಾಂಶದ ಹಾಳೆಯಲ್ಲಿ ಎಲ್ಲರ ಹೆಸರಿಗೂ ಒಂದು ಅಂಕಿ.
ನನ್ನದರ ಮುಂದೆ ಎರಡು ಅಕ್ಷರ, ಅಷ್ಟೇ.
ಬೈಯಲು ಬಂದ ಟೌನೊ ಮುಖ ನೋಡಿ ಸುಮ್ಮನಾದ.
'ಯೋಚಿಸಲಿಲ್ಲ' ಎಂದೆ.
'ಅದು ಗೊತ್ತಾಯಿತು' ಎಂದ.

ಸಂಜೆ ಮಂಡಿ ಊದಿತ್ತು.
ರಾಯ್ ಹಿಟ್ಟಿನ ರೊಟ್ಟಿಯೊಂದು ಚೀಲದಲ್ಲಿ,
ಮೊಳೆಯ ಷೂ ಅದರ ಪಕ್ಕದಲ್ಲಿ.
ರಸ್ತೆಯ ಅಂಚಿಗೆ ಬಂದಾಗ ಹಸಿರು ಮಿಣುಕುತ್ತಿತ್ತು.
ನಿಂತೆ.
ಜೂನ್‌ನಲ್ಲಿ ಬಯಲಿನ ಓಟ, ನೂರು ಮೀಟರು;
ಅಷ್ಟರೊಳಗೆ ಇದಕ್ಕೆ ನಿಲ್ಲುವುದನ್ನು ಕಲಿಸಬೇಕು
ಎಂದು ತೊಡೆಯ ಮೇಲೆ ಕೈಯಿಟ್ಟರೆ
ಒಳಗೆ, ಪಟ್ಟಿಯ ಕೆಳಗೆ,
ಹೆಸರು ಕರೆದ ಹುಡುಗಿಯ ಹಾಗೆ
ಅದು ಎದ್ದು ಕೂತಿತ್ತು.