ಸೊನ್ನೆಗೆ ಸೇತುವೆ

ಚೌಕಿಪೇಟೆಯ ನಮ್ಮ ಪ್ರೆಸ್ಸಿನಲ್ಲಿ
ಟ್ರೆಡಲ್ ಮಿಷಿನ್ನು ನಿಂತಿದ್ದ ಜಾಗದಲ್ಲೇ ಇದನ್ನು ಕೂರಿಸಿದೆ.
ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಇನ್ನೂ ಇವೆ.
ಅದು ಅಪ್ಪನ ತೋರುಬೆರಳಿನ ಒಂದು ಗೆಣ್ಣು ತಿಂದಿತ್ತು.
ಇದಕ್ಕೆ ಹಲ್ಲಿಲ್ಲ.
ಹೊಲಿಗೆ ಮಿಷಿನ್ನಿನಷ್ಟು ಸಾಧುವಾಗಿ ಮೇಜಿನ ಮೇಲೆ ಕೂತಿದೆ.
ಬೆರಳು ಕೇಳುವುದಿಲ್ಲ ಇದು,
ಕಣ್ಣು ಕೇಳುತ್ತದೆ.

ಮೊದಲ ವಾರ ನಾನು ಸುಟ್ಟಿದ್ದೇ ಸುಟ್ಟಿದ್ದು.
ಲಗ್ನಪತ್ರಿಕೆಯ ಅಂಚೆಲ್ಲ ಕಂದು,
ಅಂಗಡಿ ತುಂಬ ಸೀದ ವಾಸನೆ.
“ಉರಿ ಜಾಸ್ತಿ ಇಟ್ಟು ನಿಧಾನ ಓಡಿಸ್ತೀರಿ ಅಣ್ಣಾರ,
ಉರಿ ತಗ್ಗಿಸ್ರಿ, ಓಟ ಹೆಚ್ಚಿಸ್ರಿ,”
ಅಂದವಳು ಮುಬೀನಾ, ಮಂಡಕ್ಕಿ ಭಟ್ಟಿ ಓಣಿಯವಳು,
ಕೆಲಸಕ್ಕೆ ಸೇರಿ ಆಗ ಹದಿನೈದು ದಿನ.
ಕಾದ ಮರಳಿನಲ್ಲಿ
ಅಕ್ಕಿ ಅರಳುವುದಕ್ಕೂ ಕರಕಲಾಗುವುದಕ್ಕೂ
ಒಂದು ಉಸಿರಿನ ಅಂತರವಂತೆ.
ಅವರಪ್ಪನಿಗೆ ಅದು ಮೊಣಕೈಗೇ ಗೊತ್ತಿತ್ತಂತೆ.

ಹೊಗೆಯ ಕೊಳವೆಯನ್ನು ಕಿಟಕಿಯಾಚೆ ಬಿಡಿಸಿದವಳೂ ಅವಳೇ.
ಪಕ್ಕದ ಬಳೆ ಅಂಗಡಿಯವರು ಗೊಣಗಿದರು,
ಇನ್ನೂ ಎರಡು ಮೊಳ ಮೇಲಕ್ಕೆತ್ತಿಸಿದಳು.
“ಹೊಗೆ ಹೊರಗಿರ್ಲಿ.
ನಮ್ಮನೇಲಿ ಅದು ಒಳಗೇ ಇತ್ತು.”
ಮತ್ತೆ ಆ ಮಾತು ಎತ್ತಲಿಲ್ಲ.

ಹರಿಹರದಿಂದ ಕೊಟ್ರಬಸಪ್ಪನವರು ಬಂದರು,
ಚಿನ್ನದ ಬಣ್ಣದ ರೆಕ್ಸಿನ್ ಸುರುಳಿ ಹಿಡಿದು:
“ಇದರ ಮ್ಯಾಲೆ ಗಣಪತಿ ಕೊರೀರಿ, ರೇಟು ನೀವೇ ಹೇಳ್ರಿ.”
ಅವಳು ಮೂಲೆಯನ್ನು ಮಡಚಿದಳು, ಮೂಸಿದಳು,
ಸುತ್ತಿ ವಾಪಸ್ಸು ಕೊಟ್ಟಳು.
ಪ್ಲಾಸ್ಟಿಕ್ಕಿನ ಹೊಗೆ
ಎದೆಯನ್ನೂ ತಿನ್ನುತ್ತದೆ, ಮಿಷಿನ್ನನ್ನೂ ತಿನ್ನುತ್ತದೆ.
ಎರಡು ಸಾವಿರ ಮೆಟ್ಟಿಲಿಳಿದು ಹೋಗುವುದನ್ನು
ನಾನು ಸುಮ್ಮನೆ ನೋಡಿದೆ.

ಕಿತ್ತಳೆ ಬಣ್ಣದ ಮುಚ್ಚಳದಾಚೆ
ನೀಲಿ ಚುಕ್ಕಿಯೊಂದು ಇರುವೆಯಂತೆ ಓಡುತ್ತದೆ.
ಅದನ್ನು ಬರಿಗಣ್ಣಲ್ಲಿ ನೋಡಬಾರದು,
ಅದರ ಮೇಲಿನ ಕಣ್ಣು ತೆಗೆಯಲೂಬಾರದು.
ಎರಡರ ನಡುವೆ ಒಂದು ಸ್ಟೂಲು, ಒಂದು ಕನ್ನಡಕ.
ಕೂರುವುದೇ ಕೆಲಸ.

ಕೂರಲಿಲ್ಲ ನಾನು.

ಗಂಗಾಂಬಿಕೆ, ಚಂದ್ರಮೌಳಿ:
ಒಂದು ಕಾರ್ಡಿಗೆ ಮೂರು ಸೊನ್ನೆ,
ಮುನ್ನೂರು ಕಾರ್ಡಿಗೆ ಒಂಬೈನೂರು.
ಕನ್ನಡಕ್ಕೆ ಕತ್ತರಿ ಹಾಕಿದವರಿಗೇ ಗೊತ್ತು
ನಮ್ಮ ಅಕ್ಷರಗಳ ಹೊಟ್ಟೆ ಎಷ್ಟು ಬೇಗ ಕಳಚಿ ಬೀಳುತ್ತದೆ ಅಂತ.
ಬಿಲ್ಲೆಗಳೆಲ್ಲ ಜಾಲರಿಯ ಕಣ್ಣಿನಿಂದಿಳಿದು
ತಟ್ಟೆಯಲ್ಲಿ ಮಂಡಕ್ಕಿಯಂತೆ ರಾಶಿ ಬಿದ್ದಿದ್ದವು.
ನಾನು ಚಹಾ ತರಲು ಹೋಗಿದ್ದೆ.

ಎರಡು ಲೋಟ ಹಿಡಿದು ಬಂದಾಗ
ಕೆಂಪು ಗುಂಡಿ ಒತ್ತಿತ್ತು, ಪ್ಲಗ್ಗು ಕಿತ್ತಿತ್ತು.
ಗಾಳಿ ಊದುವ ಪಂಪು ಸತ್ತ ಹಾಗೆ ಸುಮ್ಮನಿತ್ತು.
ಮುಚ್ಚಳ ಎತ್ತಿರಲಿಲ್ಲ ಅವಳು.
ಒಳಗೆ ಒಂದು ಗೇಣು ಉರಿ
ಉಸಿರಿಲ್ಲದೆ ಕುಗ್ಗಿ ಕುಗ್ಗಿ
ತಾನೇ ತಲೆ ಇಟ್ಟಿತು.
ಅವಳ ಒಂದು ಕೈಯಲ್ಲಿ ಒದ್ದೆ ಬಟ್ಟೆ,
ಕಾಲ ಬಳಿ ಬೆಂಕಿ ಆರಿಸುವ ಸಿಲಿಂಡರು, ಪಿನ್ನು ಎಳೆದಿರಲಿಲ್ಲ.

“ನಿನ್ನೆ ತಟ್ಟೆ ಕೊಡವಿಲ್ಲ ನೀವು.”
ಇಷ್ಟೇ ಬೈಗುಳ.
ಮೂವತ್ತೆರಡು ವರ್ಷದ ಪ್ರೆಸ್ಸಿನ ಯಜಮಾನ
ಚಹಾ ಚೆಲ್ಲದ ಹಾಗೆ ನಿಂತುಕೊಂಡೆ.

ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತು
ಪ್ರತಿ ಸೊನ್ನೆಯ ಹೊಟ್ಟೆಯಿಂದ ಅಂಚಿಗೆ
ಕೂದಲೆಳೆಯಷ್ಟು ಕಾಗದ ಉಳಿಸಿದಳು.
ಸೇತುವೆ, ಅಂದಳು.
ಬೀಳುವುದೂ ಕಮ್ಮಿ, ಉರಿಯುವುದೂ ಕಮ್ಮಿ.
ಬೆಳಕಿಗೆ ಹಿಡಿದರೆ ಗಂಗಾಂಬಿಕೆ
ಎರಡು ಸೊನ್ನೆಯನ್ನೂ
ಮೂಗುತಿಯಂತೆ ಧರಿಸಿದ್ದಳು.

ಈಗ ಚಹಾದ ಹುಡುಗನೇ ಬರುತ್ತಾನೆ.
ಅಲ್ಲಿಡು ಅಂತ ಕೈಯಲ್ಲೇ ಹೇಳುತ್ತೇನೆ, ತಿರುಗುವುದಿಲ್ಲ.
ಇನ್ನೂರ ಎಂಬತ್ತನೇ ಕಾರ್ಡು ಮುಗಿಯುವಷ್ಟರಲ್ಲಿ
ಲೋಟದ ಮೇಲೆ
ಕೆನೆ.