ಮಾತ್ರೆಯ ನಡುಗೆರೆ

ಮೇ ಕೊನೆಯ ವಾರ. ಕಲ್ಸಂಕದ ಅಂಗಡಿಯಲ್ಲಿ
ನಲವತ್ತೆರಡು ಯೂನಿಫಾರ್ಮು ಬಾಕಿ.
ನೀಲಿ ಬಟ್ಟೆಗೆ ಕತ್ತರಿ ತಾಗಿದರೆ ಸಾಕು,
ನೂಲಿನ ಧೂಳೆದ್ದು ನೆಟ್ಟಗೆ ಮೂಗಿಗೇ ಬರುತ್ತದೆ,
ವಿಳಾಸ ಗೊತ್ತಿರುವ ನೆಂಟರ ಹಾಗೆ.
ಹನ್ನೊಂದು ಸೀನು. ವಾರಿಜಕ್ಕ ಎಣಿಸುತ್ತಾಳೆ.
ನಾನು ಎಣಿಸುವುದು ಬೇರೆ.

ಮೊನ್ನೆ ಯಾರೋ ಕೊಟ್ಟ ಮಾತ್ರೆ ನುಂಗಿದೆ.
ಮೂಗು ಬಿಟ್ಟಿತು, ಎದೆ ಹಿಡಿಯಿತು.
ಕಾಲಿಡದೆಯೇ ಓಡುವ ಮಿಷನ್ನಿನಂತೆ
ಒಳಗೇನೋ ಹೊಲಿಯುತ್ತಲೇ ಇತ್ತು,
ಬಟ್ಟೆಯಿಲ್ಲ, ನೂಲಿಲ್ಲ, ಬರೀ ಸೂಜಿ.
ಸತ್ತೆ ಅಂದುಕೊಂಡೆ.
ಅದೇನೂ ಹೊಸತಲ್ಲ, ತಿಂಗಳಿಗೆ ಮೂರು ಸಲ
ಹಾಗೆ ಅಂದುಕೊಳ್ಳುವವಳು ನಾನು:
ಮಣಿಪಾಲದ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ,
ಒಮ್ಮೆ ಬಂಗುಡೆ ತೊಳೆಯುತ್ತಾ.

ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿದೆ.
ಎಂಟು ಮಡಿಕೆ, ಸಾಸಿವೆಯಷ್ಟು ಅಕ್ಷರ.
ಸೂಜಿಗೆ ನೂಲು ಹಾಕುವ ಕನ್ನಡಕ ಏರಿಸಿ
ಕೂಡಿಸಿ ಕೂಡಿಸಿ ಓದಿದೆ:
ಎದೆಬಡಿತ, ಚಡಪಡಿಕೆ, ನಿದ್ದೆಗೇಡು, ಕೈನಡುಕ.
ಇದು ಮಾತ್ರೆಯ ಚೀಟಿಯೋ, ನನ್ನ ಜಾತಕವೋ?
ಮದುವೆಗೆ ಮೊದಲು ಅಮ್ಮ ಬರೆಸಿದ್ದಕ್ಕಿಂತ
ಇದೇ ಹೆಚ್ಚು ಸರಿ ಉಂಟು.

ಮೆಡಿಕಲ್ಲಿನ ಡೆಲ್ಫಿನ್ ಬಾಯಿ ಪೆಟ್ಟಿಗೆ ತಿರುಗಿಸಿದರು.
"ಮೂಗು ಬಿಡಿಸುವುದೊಂದು ಇದರಲ್ಲಿ ಸೇರಿದೆ ಮಾರಾಯ್ತಿ,
ಅದು ಎದೆಯನ್ನೂ ಓಡಿಸುತ್ತದೆ. ನಿನಗಲ್ಲ ಇದು."
ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತವರ ಕಿವಿ ನೆಟ್ಟಗಾಯಿತು.
ಬಾಯಿ ದನಿ ತಗ್ಗಿಸಿದರು:
"ರಾತ್ರಿ ನುಂಗುತ್ತೀಯಲ್ಲ, ಆ ಇನ್ನೊಂದು...
ಡಾಕ್ಟರಿಗೆ ಹೇಳಿದ್ದೀಯಾ?"
ಹೇಳಿರಲಿಲ್ಲ.
ಮೂಗಿನ ಡಾಕ್ಟರಿಗೆ ಮನಸ್ಸಿನ ಸುದ್ದಿ ಯಾಕೆ ಅಂತ.

ಹೇಳಿದೆ. ಅವರು ಹಳೆ ಚೀಟಿಗೆ ಗೀಟು ಹಾಕಿ
ಬೇರೆ ಬರೆದರು. ಸಣ್ಣ ಬಿಳಿಯದು, ಅರ್ಧ, ರಾತ್ರಿ ಮಾತ್ರ.
ಎರಡೂ ಸೇರಿದರೆ ಮಂಪರು ಜಾಸ್ತಿ,
ಬೆಳಿಗ್ಗೆ ಕತ್ತರಿ ಜೋಪಾನ ಅಂದರು.

ರಾತ್ರಿ ದೀಪದ ಕೆಳಗೆ ಹಿಡಿದು ನೋಡಿದೆ.
ನಡುವೆ ಒಂದು ಗೆರೆ,
ನಾನು ಸೀಮೆಸುಣ್ಣದಲ್ಲಿ ಎಳೆಯುವಂಥದ್ದೇ.
ಎಲ್ಲೋ ಯಾವುದೋ ಕಾರ್ಖಾನೆಯಲ್ಲಿ
ಯಾರಿಗೋ ಹೊಳೆದಿದೆ, ಇಡೀ ಒಂದು ಹೆಚ್ಚಾಗುವವರೂ
ಇರುತ್ತಾರೆ ಎಂದು.
ಅಳತೆ ತೆಗೆದುಕೊಳ್ಳದೆಯೇ ನನ್ನ ಅಳತೆ.

ಮರುದಿನ ಒಂದು ತೋಳು ತಿರುವುಮುರುವು ಹೊಲಿದೆ.
ವಾರಿಜಕ್ಕ ಬೈಯದೆ ಬಿಚ್ಚಿದಳು.
ಸೀನು ಎರಡೇ. ಎದೆಯದ್ದು ಎಣಿಸಲು ಮರೆತೆ,
ಮಧ್ಯಾಹ್ನದ ಗಂಜಿಯವರೆಗೆ.

ಉಳಿದರ್ಧ ಗುಂಡಿಗಳ ಡಬ್ಬಿಯಲ್ಲಿಟ್ಟಿದ್ದೆ.
"ಇದೆಂಥದ್ದೇ, ತೂತೇ ಇಲ್ಲ, ಅದೂ ಅರ್ಧ,"
ಬೆಳಕಿಗೆ ಹಿಡಿದು ಕೇಳುತ್ತಿದ್ದಾಳೆ ವಾರಿಜಕ್ಕ,
"ಯಾವ ಅಂಗಿದು?"